ಸರ್ವರ್ ಡೌನ್: ವಿಕಿಪೀಡಿಯ ತೆವಳುತ್ತಿದ್ದ ಕಾಲದ ಕಥೆ

ಇವತ್ತು ಒಂದು ಬ್ಯಾನರ್‌ನಿಂದ ಶುರು ಮಾಡೋಣ. ವಿಕಿಪೀಡಿಯದಲ್ಲಿ ಏನೋ ಹುಡುಕೋಕೆ ಹೋಗಿರ್ತೀರಿ. ಲೇಖನಕ್ಕಿಂತ ಮೊದಲು ಒಂದು ದೊಡ್ಡ ಚೌಕ ಬಂದು ಕೂತ್ಕೊಳ್ಳುತ್ತೆ, "ದಯವಿಟ್ಟು ಸಹಾಯ ಮಾಡಿ" ಅನ್ನೋ ಧಾಟಿಯಲ್ಲಿ ದುಡ್ಡು ಕೇಳುತ್ತೆ. ಕೆಲವರು ಕೊಡ್ತಾರೆ, ಹೆಚ್ಚಿನವರು ಮೂಲೆಯಲ್ಲಿರೋ ಗುರುತು ಒತ್ತಿ ಮುಚ್ತಾರೆ. ಇಷ್ಟು ದೊಡ್ಡ ವೆಬ್‌ಸೈಟು ಜಾಹೀರಾತು ಹಾಕಿಕೊಳ್ಳದೆ ಹೀಗೆ ಕೈಚಾಚೋದು ಯಾಕೆ ಅಂತ ನನ್ನ ತಂಗಿಯ ಮಗ ಒಮ್ಮೆ ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲೋದು ಕೆಟ್ಟುಹೋದ ಒಂದು ಕಂಪ್ಯೂಟರಿನ ಮುಂದೆ. ಆ ಕಂಪ್ಯೂಟರ್ ಕೆಟ್ಟಿದ್ದು 2003ರ ಡಿಸೆಂಬರ್‌ನಲ್ಲಿ. ಅದಕ್ಕೂ ಮುಂಚೆ ಎರಡು ವರ್ಷ ವಿಕಿಪೀಡಿಯದ ಯಂತ್ರಗಳು ಏದುಸಿರು ಬಿಡ್ತಾನೇ ಇದ್ದವು.

ಮೊದಲು ಆ ಕಾಲದ ನಮ್ಮ ಪರಿಸ್ಥಿತಿ ನೆನಪು ಮಾಡಿಕೊಳ್ಳೋಣ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್ಎನ್ಎಲ್ ಮೂಲಕ. ಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ, ಆ ಕಿರ್ರ್, ಕುಂಯ್ ಸದ್ದು ಮುಗಿಯೋತನಕ ಕಾದು, ಸೆಕೆಂಡಿಗೆ 9.6 ಕಿಲೋಬಿಟ್ ವೇಗದಲ್ಲಿ ಪುಟ ಇಳಿಸಿಕೊಳ್ಳೋದು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 1,200 ಬೈಟ್. ಹತ್ತು ಸಾವಿರ ಅಕ್ಷರಗಳ ಒಂದು ಇಂಗ್ಲಿಷ್ ಲೇಖನ ಬರೋಕೆ ಎಂಟು ಸೆಕೆಂಡಿನ ಮೇಲೆ ಹಿಡೀತಿತ್ತು, ಅದೂ ಚಿತ್ರಗಳಿಲ್ಲದೆ. ಅದೇ ಲೇಖನ ಕನ್ನಡದಲ್ಲಿದ್ದರೆ? ಇಲ್ಲೊಂದು ತಮಾಷೆ ಇದೆ. ಇವತ್ತು ಎಲ್ಲ ಕಡೆ ಬಳಸೋ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. "ಕ್ಷೇ" ಅಂತ ಬರೆದರೆ ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ, ಯಂತ್ರಕ್ಕೆ ನಾಲ್ಕು ಸಂಕೇತ: ಕ, ಅದರ ಅರ್ಧಾಕ್ಷರದ ಗುರುತು, ಷ, ಏತ್ವ. ಒಟ್ಟು 12 ಬೈಟ್! "ಕನ್ನಡ" ಅನ್ನೋ ಪದಕ್ಕೆ 15 ಬೈಟ್. ಅದನ್ನೇ ವೆಬ್ ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಜೊತೆ ಬಿಡಿಸಿ ಬರೆದರೆ 45 ಅಕ್ಷರಗಳ ಉದ್ದದ ರೈಲು. ಕಳಿಸುವ ಮುಂಚೆ ಪುಟವನ್ನು ಹಿಂಡಿ ಚಿಕ್ಕದು ಮಾಡುವ ತಂತ್ರಗಳು ಇವೆ, ಅದರಿಂದ ಭಾರ ಎಷ್ಟೋ ಇಳಿಯುತ್ತೆ. ಆದರೂ ನಿಧಾನದ ತಂತಿಯ ಮೇಲೆ ಕನ್ನಡ ಯಾವಾಗಲೂ ಸ್ವಲ್ಪ ಜಾಸ್ತಿ ಮೂಟೆ ಹೊತ್ತುಕೊಂಡೇ ಓಡಬೇಕಿತ್ತು.

ಈಗ ತಂತಿಯ ಆ ಕಡೆ ತುದಿಗೆ ಹೋಗೋಣ. ವಿಕಿಪೀಡಿಯ ಹುಟ್ಟಿದ್ದು 2001ರ ಜನವರಿ 15ರಂದು. ಜಿಮ್ಮಿ ವೇಲ್ಸ್ ಅವರ ಬೋಮಿಸ್ ಅನ್ನೋ ಕಂಪನಿಯ ಸರ್ವರ್ ಮೇಲೆ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಆಗ ಬಳಸಿದ ತಂತ್ರಾಂಶದ ಹೆಸರು ಯೂಸ್‌ಮಾಡ್‌ವಿಕಿ. ಪರ್ಲ್ ಭಾಷೆಯ ಸಣ್ಣ ಪ್ರೋಗ್ರಾಂ ಅದು. ಡೇಟಾಬೇಸ್ ಇಲ್ಲ, ಏನಿಲ್ಲ, ಪುಟಗಳನ್ನ ಬರೀ ಕಡತಗಳಾಗಿ ಇಟ್ಟುಕೊಳ್ತಿತ್ತು. ನೂರಿನ್ನೂರು ಪುಟದ ಹವ್ಯಾಸಿ ತಾಣಕ್ಕೆ ಚೆನ್ನಾಗಿಯೇ ಇತ್ತು. ವರ್ಷ ಮುಗಿಯೋದರೊಳಗೆ ಸಾವಿರಾರು ಲೇಖನ, ಹತ್ತಾರು ಭಾಷೆ ಆಗ್ತವೆ ಅಂತ ಯಾರೂ ಅಂದ್ಕೊಂಡಿರಲಿಲ್ಲ.

ಆಗ ಜರ್ಮನಿಯ ಕಲೋನ್‌ನಲ್ಲಿ ಓದುತ್ತಿದ್ದ ಮ್ಯಾಗ್ನಸ್ ಮ್ಯಾನ್ಸ್ಕೆ ಅನ್ನೋ ವಿದ್ಯಾರ್ಥಿ ತನ್ನ ಬಿಡುವಿನಲ್ಲಿ ಹೊಸ ತಂತ್ರಾಂಶ ಬರೆದ. ಓದುತ್ತಿದ್ದದ್ದು ಜೀವವಿಜ್ಞಾನ, ಕಂಪ್ಯೂಟರ್ ಅಲ್ಲ. ಪಿಎಚ್‌ಪಿ ಭಾಷೆ, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್. 2002ರ ಜನವರಿ 25ರಂದು ಇಂಗ್ಲಿಷ್ ವಿಕಿಪೀಡಿಯ ಅದಕ್ಕೆ ಬದಲಾಯಿತು. ಸೌಲಭ್ಯಗಳೇನೋ ಹೆಚ್ಚಾದವು. ಆದರೆ ಪ್ರತಿ ಓದುಗ ಪುಟ ಕೇಳಿದಾಗಲೆಲ್ಲ ಅದು ಡೇಟಾಬೇಸಿನ ಬಾಗಿಲು ತಟ್ಟುತ್ತಿತ್ತು. ಈ ಪುಟದಲ್ಲಿರೋ ಕೊಂಡಿಗಳಲ್ಲಿ ಯಾವುದಕ್ಕೆ ಲೇಖನ ಇದೆ, ಯಾವುದಕ್ಕೆ ಇಲ್ಲ? ಈ ಪುಟವನ್ನ ಇದುವರೆಗೆ ಎಷ್ಟು ಜನ ನೋಡಿದ್ದಾರೆ? ಎಲ್ಲವನ್ನೂ ಆಗಿಂದಾಗಲೇ ಲೆಕ್ಕ ಹಾಕಬೇಕು. ಜನ ಜಾಸ್ತಿ ಆದಷ್ಟೂ ತಾಣ ತೆವಳತೊಡಗಿತು. ಅರ್ಧ ವರ್ಷಕ್ಕೇ ಲೀ ಡೇನಿಯಲ್ ಕ್ರಾಕರ್ ಎಂಬ ಇನ್ನೊಬ್ಬ ಸ್ವಯಂಸೇವಕ ಅದನ್ನ ಹೊಸದಾಗಿ ತಿದ್ದಿ ಬರೆಯಬೇಕಾಯಿತು. 2002ರ ಜುಲೈನಲ್ಲಿ ಬಂದ ಆ ರೂಪವೇ ಮುಂದೆ ಮೀಡಿಯಾವಿಕಿ ಆಯ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 2002ರ ಆ ಮೊದಲ ತಿಂಗಳುಗಳಲ್ಲಿ ನಿಧಾನದ ಸರ್ವರ್ ಜೊತೆಗೆ ದುಡ್ಡಿನ ವಿಷಯವೂ ಸೇರಿಕೊಂಡಿತ್ತು. ಡಾಟ್ ಕಾಮ್ ಗುಳ್ಳೆ ಒಡೆದು ಬೋಮಿಸ್ ಕಂಪನಿಗೆ ಹೊಡೆತ ಬಿದ್ದಿತ್ತು. ಯೋಜನೆಯಲ್ಲಿ ಸಂಬಳ ಪಡೆಯುತ್ತಿದ್ದ ಲ್ಯಾರಿ ಸ್ಯಾಂಗರ್‌ಗೆ ಇನ್ನು ಸಂಬಳ ಕೊಡಲಾಗದು ಅಂತಾಯಿತು. ಜಾಹೀರಾತು ಹಾಕುವ ಮಾತು ಮೇಲೆ ಬಂತು. ನೋಡಿ, ಅದು ಆ ಕಾಲಕ್ಕೆ ಅಸಹಜವೇನಲ್ಲ, ಎಲ್ಲರೂ ಅದನ್ನೇ ಮಾಡ್ತಿದ್ದರು. ಆದರೆ ಸ್ಪ್ಯಾನಿಷ್ ಭಾಷೆಯವರು ಸಿಡಿದೆದ್ದರು. ನಾವು ಪುಕ್ಕಟೆ ಬರೆದದ್ದನ್ನ ಇಟ್ಟುಕೊಂಡು ಇನ್ಯಾರೋ ಜಾಹೀರಾತು ಮಾರೋದಾ ಅನ್ನೋದು ಅವರ ತಕರಾರು. 2002ರ ಫೆಬ್ರವರಿಯಲ್ಲಿ ಅವರಲ್ಲಿ ಬಹಳಷ್ಟು ಮಂದಿ ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟರು. ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯದ ಸರ್ವರ್ ಮೇಲೆ "ಎನ್ಸಿಕ್ಲೋಪೀಡಿಯಾ ಲಿಬ್ರೆ" ಅಂತ ಬೇರೆ ವಿಶ್ವಕೋಶ ಶುರುವಾಯಿತು. ಸ್ಪ್ಯಾನಿಷ್ ವಿಕಿಪೀಡಿಯ ಚೇತರಿಸಿಕೊಳ್ಳೋಕೆ ವರ್ಷಗಳೇ ಬೇಕಾದವು.

ಅಣ್ಣತಮ್ಮಂದಿರು ಪಾಲಾದ ಹಾಗೆ ಆಯ್ತು ಇದು. ಆದರೆ ಅದು ತಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಕಿಪೀಡಿಯದ ವಿಳಾಸ ಡಾಟ್ ಕಾಮ್‌ನಿಂದ ಡಾಟ್ ಆರ್ಗ್‌ಗೆ ಬದಲಾಯಿತು, ಜಾಹೀರಾತು ಇರಲ್ಲ ಅನ್ನೋದು ಖಚಿತವಾಯಿತು. 2003ರ ಜೂನ್ 20ರಂದು ವಿಕಿಮೀಡಿಯ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆ ಸ್ಥಾಪನೆ ಆಯ್ತು. ಅದೇ ಜೂನ್ ತಿಂಗಳಲ್ಲೇ ಕನ್ನಡ ವಿಕಿಪೀಡಿಯವೂ ಶುರುವಾಗಿದ್ದು. ಅಂದರೆ ಜಾಹೀರಾತಿನ ಆದಾಯ ಬೇಡ ಅಂತ ಬಾಗಿಲು ಹಾಕಿಕೊಂಡು ಕೂತಿದ್ದ, ಯಂತ್ರ ಕೊಳ್ಳೋಕೆ ದುಡ್ಡಿಲ್ಲದ ಮನೆಗೆ ಕನ್ನಡ ಕಾಲಿಟ್ಟಿತು.

ಹಾಗಾದರೆ ಇರೋ ಯಂತ್ರದಲ್ಲೇ ಸುಧಾರಿಸೋದು ಹೇಗೆ? ಸರ್ವರ್‌ಗಳು ಒಂದು ಕೈಯ ಬೆರಳಿಗೆ ಸಿಗೋಷ್ಟು. ಅವಕ್ಕೆ ಪ್ಲಿನಿ, ಲಾರೂಸ್ ಅಂತೆಲ್ಲ ಹೆಸರಿಟ್ಟಿದ್ದರು, ವಿಶ್ವಕೋಶ ಬರೆದವರ ಹೆಸರುಗಳು. (ಆ ರೋಮನ್ ಪ್ಲಿನಿ ಸತ್ತಿದ್ದು ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ. ಡೇಟಾಬೇಸ್ ಹೊರೋ ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಶಕುನದ ಹೆಸರು ಸಿಗಲಿಲ್ವೇನೋ!) ದಿನದ ದಟ್ಟಣೆಯ ಹೊತ್ತಲ್ಲಿ ಪುಟ ತೆರೆಯೋದೇ ಕಷ್ಟ. ಆಗ ನಡೆದದ್ದು ಮನೆಖರ್ಚು ಕಡಿಮೆ ಮಾಡೋ ಕೆಲಸ. ಯಾವುದು ಅವಶ್ಯ, ಯಾವುದು ಐಷಾರಾಮ ಅಂತ ಒಂದೊಂದಾಗಿ ವಿಂಗಡಿಸಿದರು.

ಮೊದಲು ಹೋದದ್ದರಲ್ಲಿ ಒಂದು, ಪುಟದ ಕೆಳಗಿದ್ದ "ಈ ಪುಟವನ್ನು ಇಷ್ಟು ಬಾರಿ ನೋಡಲಾಗಿದೆ" ಅನ್ನೋ ಎಣಿಕೆ. ಬರೆಯೋರಿಗೆ ಅದು ಎಷ್ಟು ಖುಷಿ ಕೊಡ್ತಿತ್ತು ಅಂತ ಬರೆಯೋರಿಗೇ ಗೊತ್ತು. ಆದರೆ ಪ್ರತಿ ಓದಿಗೂ ಡೇಟಾಬೇಸಿನಲ್ಲಿ ಒಂದು ಬರಹ ಆಗಬೇಕು ಅಂದರೆ, ಓದೋ ಕೆಲಸವೂ ಬರೆಯೋ ಕೆಲಸದಷ್ಟೇ ದುಬಾರಿ ಆದಂತೆ. ತೆಗೆದರು. ಆಮೇಲೆ, ಯಾವ ಪುಟಕ್ಕೆ ಯಾರೂ ಕೊಂಡಿ ಕೊಟ್ಟಿಲ್ಲ, ಯಾವ ಲೇಖನ ಬೇಕು ಅಂತ ಹೆಚ್ಚು ಜನ ಕೇಳಿದ್ದಾರೆ ಅನ್ನೋ ಪಟ್ಟಿಗಳು. ಇಡೀ ಡೇಟಾಬೇಸನ್ನ ಜಾಲಾಡಿದರೆ ಮಾತ್ರ ಸಿಗೋ ಪಟ್ಟಿಗಳು ಇವು. ಆಗಿಂದಾಗ ತಯಾರಿಸೋದನ್ನ ನಿಲ್ಲಿಸಿ, ಆಗೊಮ್ಮೆ ಈಗೊಮ್ಮೆ ಮಾಡಿಟ್ಟ ಹಳೇ ಪ್ರತಿಯನ್ನೇ ತೋರಿಸತೊಡಗಿದರು. ಕೊನೆಗೆ ಹುಡುಕಾಟಕ್ಕೇ ಕೈ ಹಾಕಿದರು. ದಟ್ಟಣೆ ಹೆಚ್ಚಾದಾಗ ವಿಕಿಪೀಡಿಯದ ಹುಡುಕು ಗುಂಡಿ ಒತ್ತಿದರೆ, "ಸದ್ಯಕ್ಕೆ ಹುಡುಕಾಟ ನಿಲ್ಲಿಸಿದ್ದೇವೆ, ಗೂಗಲ್‌ನಲ್ಲಿ ಹುಡುಕಿಕೊಳ್ಳಿ" ಅನ್ನೋ ಅರ್ಥದ ಸೂಚನೆ ಬರ್ತಿತ್ತು. ವಿಶ್ವಕೋಶವೊಂದು ತನ್ನೊಳಗೇ ಹುಡುಕೋಕೆ ಪಕ್ಕದ ಮನೆಗೆ ಕಳಿಸ್ತಿತ್ತು! ಆ ದುಬಾರಿ ಪಟ್ಟಿಗಳಂಥವನ್ನ ಕಡಿತ ಮಾಡೋಕೆ ತಂತ್ರಾಂಶದಲ್ಲಿ ಒಂದು ಸ್ವಿಚ್ಚೇ ಇತ್ತು. ಅದರ ಹೆಸರು ಮೈಸರ್ ಮೋಡ್. ಮೈಸರ್ ಅಂದರೆ ಜಿಪುಣ.

ಈ ಕಡಿತದಲ್ಲೂ ಒಂದನ್ನ ಮಾತ್ರ ಮುಟ್ಟಲಿಲ್ಲ: ಯಾರು ಬೇಕಾದರೂ ತಿದ್ದಬಹುದು ಅನ್ನೋದನ್ನ. ಸರ್ವರ್ ಉಳಿಸೋಕೆ ಅದನ್ನ ನಿಲ್ಲಿಸಿದ್ದರೆ ಅಥವಾ ಖಾತೆ ಇದ್ದವರಿಗೆ ಮಾತ್ರ ಅಂತ ಮಾಡಿದ್ದರೆ ಹೊರೆ ಎಷ್ಟೋ ಇಳೀತಿತ್ತು. ಡೇಟಾಬೇಸ್ ಕೈಕೊಟ್ಟಾಗ ಕೆಲ ಹೊತ್ತು "ಓದಲು ಮಾತ್ರ" ಅಂತ ಬೀಗ ಹಾಕ್ತಿದ್ದದ್ದು ನಿಜ. ಬೆಳಗಾದರೆ ಮತ್ತೆ ತೆಗೀತಿದ್ದರು.

ಕನ್ನಡದಲ್ಲಿ ಆಗ ಬರೀತಿದ್ದವರ ಪಾಡು ಹೇಗಿತ್ತು ಅಂತ ನನ್ನ ಅನುಭವದಿಂದ ಒಂದು ಮಾತು. ನಾನಾಗ ಮೈಸೂರಿನಲ್ಲಿ ಓದ್ತಿದ್ದೆ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು, ನಮ್ಮೂರ ಕೆರೆಯ ಬಗ್ಗೆ ಮುಕ್ಕಾಲು ಗಂಟೆ ಕೂತು ಬರೆದೆ. ಉಳಿಸುವ ಗುಂಡಿ ಒತ್ತಿದೆ. ಬ್ರೌಸರಿನ ಮೂಲೆಯಲ್ಲಿ ಗೋಳ ತಿರುಗಿತು, ತಿರುಗಿತು, ತಿರುಗ್ತಾನೇ ಇತ್ತು. ಕೊನೆಗೆ ಬಿಳೀ ಪುಟ. ಹಿಂದಕ್ಕೆ ಹೋದರೆ ಪೆಟ್ಟಿಗೆ ಖಾಲಿ. ತಪ್ಪು ಸರ್ವರ್‌ದೋ, ಕೆಫೆಯ ಲೈನಿನದೋ, ಫೋನ್ ಕಂಬದ ಮೇಲಿನ ಕಾಗೆಯದೋ ಯಾರಿಗೆ ಗೊತ್ತು? ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು ನೋಡಿ ನಕ್ಕು, "ಒತ್ತೋಕೆ ಮುಂಚೆ ಎಲ್ಲಾನೂ ಕಾಪಿ ಮಾಡ್ಕೊಂಡು ನೋಟ್‌ಪ್ಯಾಡಲ್ಲಿ ಹಾಕ್ಕೋಬೇಕು ಮಗಾ" ಅಂದರು. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಬ್ಯಾಂಕಿನ ಫಾರಂ ತುಂಬುವಾಗಲೂ ಮಾಡ್ತೀನಿ.

ಇನ್ನೊಂದು ಲೆಕ್ಕವೂ ನಮಗೆ ಬೇಗ ಗೊತ್ತಾಯ್ತು. ಅಮೆರಿಕ ಮಲಗಿ ಯುರೋಪ್ ಇನ್ನೂ ಸರಿಯಾಗಿ ಎದ್ದಿರದ ಹೊತ್ತು, ಅಂದರೆ ನಮ್ಮ ಬೆಳಗಿನ ಹತ್ತರಿಂದ ಮಧ್ಯಾಹ್ನದ ತನಕ, ವಿಕಿಪೀಡಿಯ ಸಲೀಸು. ಸಂಜೆ ಏಳರ ಮೇಲೆ ಮುಟ್ಟೋಹಾಗಿರಲಿಲ್ಲ. ಕಾಲೇಜಿಗೆ ಚಕ್ಕರ್ ಹೊಡೆಯೋಕೆ ಇದು ಸಾಕಷ್ಟು ಒಳ್ಳೇ ಕಾರಣ ಅಂತ ಆಗ ಅನ್ನಿಸಿತ್ತು.

ಸರಿ, 2003ರ ಡಿಸೆಂಬರ್‌ಗೆ ಬರೋಣ. ವರ್ಷದ ಕೊನೆಯ ವಾರ. ಕ್ರಿಸ್ಮಸ್ ರಜೆ. ಯಂತ್ರಾಂಶ ಕೈಕೊಟ್ಟು ತಾಣ ನೆಲ ಕಚ್ಚಿತು. ಇರೋದೇ ಎರಡು ಮೂರು ಯಂತ್ರ ಅಂದಮೇಲೆ ಒಂದು ಬಿದ್ದರೆ ಉಳಿದವು ಎಷ್ಟು ಹೊತ್ತಾವು? ವೇಲ್ಸ್ ಓದುಗರಿಗೇ ನೇರವಾಗಿ ಮನವಿ ಮಾಡಿಕೊಂಡರು: ಹೊಸ ಸರ್ವರ್ ಕೊಳ್ಳಬೇಕು, 20 ಸಾವಿರ ಡಾಲರ್ ಬೇಕು. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ಒಂಬತ್ತು ಲಕ್ಷ ರೂಪಾಯಿ. ಬೇರೆ ಯಾವುದೇ ಕಂಪನಿ ಹೀಗೆ ಕೇಳಿದ್ದರೆ ಜನ ನಗ್ತಿದ್ದರು. ಇಲ್ಲಿ ಕೆಲವೇ ದಿನಗಳಲ್ಲಿ ಗುರಿ ದಾಟಿ ದುಡ್ಡು ಬಂತು. ಸಣ್ಣ ಸಣ್ಣ ಮೊತ್ತ, ಗುರುತಿಲ್ಲದ ಜನ. ಊರಿನ ದೇವಸ್ಥಾನದ ಸೂರು ಸೋರಿದಾಗ ಮನೆಮನೆಗೆ ಹೋಗಿ ವಂತಿಗೆ ಎತ್ತೋದು ನಮಗೆ ಹೊಸದಲ್ಲ. ಆದರೆ ಕಂಪ್ಯೂಟರ್ ಜಾಲಕ್ಕೂ ಹಾಗೆ ಎತ್ತಬಹುದು ಅಂತ ವಿಕಿಪೀಡಿಯದವರಿಗೇ ಅವತ್ತಿನವರೆಗೆ ಗ್ಯಾರಂಟಿ ಇರಲಿಲ್ಲ. ನಾನು ಶುರುವಿನಲ್ಲಿ ಹೇಳಿದ ಬ್ಯಾನರ್‌ನ ಮುತ್ತಜ್ಜ ಈ ಮನವಿ.

ಆ ದುಡ್ಡಿನ ಹೊಸ ಯಂತ್ರಗಳು ನಿಂತದ್ದು ಫ್ಲೋರಿಡಾದ ಟ್ಯಾಂಪಾದಲ್ಲಿ. 2004ರಲ್ಲಿ ಇಡೀ ಸಂಸಾರ ಅಲ್ಲಿಗೆ ಹೋಯ್ತು. ಅದರ ಜೊತೆಗೇ ಒಂದು ಜಾಣತನದ ಬದಲಾವಣೆಯೂ ಬಂತು. ಸರ್ವರ್‌ಗಳ ಮುಂದೆ ಸ್ಕ್ವಿಡ್ ಅನ್ನೋ ತಂತ್ರಾಂಶ ಓಡುವ ಯಂತ್ರಗಳನ್ನ ಕಾವಲಿಗೆ ಕೂರಿಸಿದರು. ನಮ್ಮ ದರ್ಶಿನಿಗಳಲ್ಲಿ ಬೆಳಗ್ಗೆ ಏನ್ಮಾಡ್ತಾರೆ? ಪ್ರತಿ ಗಿರಾಕಿಗೂ ಹೊಸದಾಗಿ ಇಡ್ಲಿ ಬೇಯಿಸ್ತಾ ಕೂರಲ್ಲ, ತಟ್ಟೆಗಟ್ಟಲೆ ಬೇಯಿಸಿ ಮುಂದೆ ಇಟ್ಟಿರ್ತಾರೆ, ಬಂದೋರಿಗೆ ಎತ್ತಿ ಕೊಡ್ತಾರೆ. ಸ್ಕ್ವಿಡ್ ಮಾಡೋದೂ ಅದನ್ನೇ. ಬರೀ ಓದೋಕೆ ಬಂದವರಿಗೆ ಮೊದಲೇ ತಯಾರಾಗಿರೋ ಪ್ರತಿ. ಯಾರಾದರೂ ಲೇಖನ ತಿದ್ದಿದ ತಕ್ಷಣ ಆ ಹಳೇ ಪ್ರತಿಯನ್ನ ಎಸೆದು ಹೊಸದು. ಓದುಗರೇ ಬಹುಪಾಲು ಇದ್ದದ್ದರಿಂದ ಹೆಚ್ಚಿನವರು ಅಡುಗೆಮನೆ ತನಕ ಬರೋದೇ ತಪ್ಪಿತು. ಅದೇ 2004ರಲ್ಲಿ ಪ್ಯಾರಿಸ್‌ನಲ್ಲಿ, ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಂಥ ಯಂತ್ರಗಳು ನಿಂತವು, ಯುರೋಪಿನವರು ಅಟ್ಲಾಂಟಿಕ್ ದಾಟೋ ಶ್ರಮ ಉಳೀತು. 2005ರ ಜನವರಿ ಹೊತ್ತಿಗೆ ಫ್ಲೋರಿಡಾದಲ್ಲಿ 39 ಸರ್ವರ್. ಅದರಲ್ಲಿ 21 ಪುಟ ಕಟ್ಟೋಕೆ, ಏಳು ಸ್ಕ್ವಿಡ್‌ಗೆ. ಬರೆಯೋ ಕೆಲಸ ಹೊರೋ ಮುಖ್ಯ ಡೇಟಾಬೇಸ್ ಯಂತ್ರ ಮಾತ್ರ ಒಂದೇ ಒಂದು, ಉಳಿದ ಡೇಟಾಬೇಸ್ ಯಂತ್ರಗಳು ಅದರ ನಕಲುಗಳು.

ಇವನ್ನೆಲ್ಲ ನೋಡಿಕೊಳ್ತಿದ್ದವರು ಯಾರು? ಸಂಬಳದ ನೌಕರರು ಅಂದ್ಕೊಂಡಿದ್ದರೆ ತಪ್ಪು. ಕ್ಯಾಲಿಫೋರ್ನಿಯಾದ ಬ್ರಯಾನ್ ವಿಬರ್, ಆಸ್ಟ್ರೇಲಿಯಾದ ಟಿಮ್ ಸ್ಟಾರ್ಲಿಂಗ್, ನೆದರ್ಲೆಂಡ್ಸಿನ ಮಾರ್ಕ್ ಬರ್ಗ್ಸ್ಮಾ, ಲಿಥುವೇನಿಯಾದ ಡೋಮಸ್ ಮಿತುಜಾಸ್. ತಮ್ಮ ತಮ್ಮ ಮನೆಯಲ್ಲಿ ಕೂತು, ಚಾಟ್ ಕೋಣೆಯಲ್ಲಿ ಮಾತಾಡಿಕೊಂಡು ದೂರದ ಯಂತ್ರ ರಿಪೇರಿ ಮಾಡ್ತಿದ್ದ ಸ್ವಯಂಸೇವಕರು. ವಿಬರ್ ಸಂಬಳಕ್ಕೆ ಸೇರಿದ್ದು 2005ರಲ್ಲಿ. ತಾಣವೇ ಬಿದ್ದಾಗ "ತಾಣ ಬಿದ್ದಿದೆ" ಅಂತ ಹೇಳೋದು ಎಲ್ಲಿ? ಅದಕ್ಕೂ ಒಂದು ಉಪಾಯ ಇತ್ತು. ಜರ್ಮನಿಯ ಓಪನ್‌ಫ್ಯಾಕ್ಟ್ಸ್ ಅನ್ನೋ ಬೇರೆ ತಾಣದಲ್ಲಿ "ವಿಕಿಪೀಡಿಯ ಸ್ಥಿತಿ" ಅಂತ ಒಂದು ಪುಟ. ಇಲ್ಲಿ ಕರೆಂಟ್ ಹೋದಾಗ ಬಾಲ್ಕನಿಗೆ ಬಂದು "ನಿಮ್ಮನೇಲೂ ಇಲ್ವಾ?" ಅಂತ ಕೇಳ್ತೀವಲ್ಲ, ಹಾಗೆ ಜನ ಅಲ್ಲಿ ಬಂದು ಸೇರ್ತಿದ್ದರು.

ಕರೆಂಟ್ ಅಂದೆ. ಈ ಕಥೆಯ ಅತಿ ಕೆಟ್ಟ ರಾತ್ರಿಗೆ ಕಾರಣ ಅದೇ.

ಅದಕ್ಕೆ ಒಂದು ಮುನ್ನುಡಿ ಬೇಕು. ವಿಕಿಪೀಡಿಯದ ಹಾಗೇ ಒದ್ದಾಡ್ತಿದ್ದ ಇನ್ನೊಂದು ಸಮುದಾಯ ಲೈವ್‌ಜರ್ನಲ್. 1999ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಹುಡುಗ ಗೆಳೆಯರ ಜೊತೆ ಸಂಪರ್ಕದಲ್ಲಿರೋಕೆ ಮಾಡಿಕೊಂಡ ಆನ್‌ಲೈನ್ ದಿನಚರಿ ಅದು, ಲಕ್ಷಾಂತರ ಜನ ಬಂದು ತುಂಬಿಕೊಂಡರು. ಡೇಟಾಬೇಸ್ ತಡೆಯದಾದಾಗ 2003ರಲ್ಲಿ ಅವನೇ ಒಂದು ಮದ್ದು ಕಂಡುಕೊಂಡ. ಪದೇ ಪದೇ ಬೇಕಾಗೋ ಮಾಹಿತಿಯನ್ನ ಡಿಸ್ಕಿನಿಂದ ತೆಗೆಯೋ ಬದಲು ಹಲವು ಯಂತ್ರಗಳ ಮೆಮೊರಿಯಲ್ಲೇ ಹಂಚಿ ಇಡೋದು. ಹೆಸರು ಮೆಮ್‌ಕ್ಯಾಶ್‌ಡಿ. ಅದನ್ನ ಗುಟ್ಟಾಗಿಡದೆ ಎಲ್ಲರಿಗೂ ಬಿಟ್ಟುಕೊಟ್ಟ. ವಿಕಿಪೀಡಿಯ ಎತ್ತಿಕೊಂಡಿತು, ಆಮೇಲೆ ಫೇಸ್‌ಬುಕ್ ಕೂಡ.

2005ರ ಜನವರಿ 14ರಂದು ಸಿಯಾಟಲ್‌ನಲ್ಲಿ ಲೈವ್‌ಜರ್ನಲ್ ಇದ್ದ ಡೇಟಾ ಸೆಂಟರಿನಲ್ಲಿ ಯಾರೋ ತುರ್ತು ವಿದ್ಯುತ್ ಕಡಿತದ ಗುಂಡಿ ಒತ್ತಿಬಿಟ್ಟರು. ಬೆಂಕಿ ಬಿದ್ದರೆ ಮಾತ್ರ ಒತ್ತಬೇಕಾದ ಗುಂಡಿ. ಇಡೀ ತಾಣ ಕತ್ತಲು. ಐದೇ ವಾರ ಕಳೆದು, ಫೆಬ್ರವರಿ 21ರಂದು, ನಮ್ಮ ಗಡಿಯಾರದಲ್ಲಿ 22ರ ನಸುಕು, ಟ್ಯಾಂಪಾದ ಡೇಟಾ ಸೆಂಟರಿನಲ್ಲಿ ಸರ್ಕ್ಯೂಟ್ ಬ್ರೇಕರ್‌ಗಳು ಟ್ರಿಪ್ ಆದವು. ಜನರೇಟರ್ ಇತ್ತು, ಅದಕ್ಕೆ ಎಣ್ಣೆಯೂ ಇತ್ತು. ಆದರೆ ಬ್ರೇಕರ್ ಬಿದ್ದದ್ದು ಕಟ್ಟಡದ ಒಳಗೆ. ನಮ್ಮನೆ ಎಂಸಿಬಿ ಬಿದ್ದರೆ ಬೀದಿಯಲ್ಲಿ ಕರೆಂಟ್ ಇದ್ದೇನು ಪ್ರಯೋಜನ? ಎಲ್ಲ ಭಾಷೆಯ ವಿಕಿಪೀಡಿಯ ಒಟ್ಟಿಗೇ ಆರಿಹೋಯಿತು, ಕನ್ನಡದ್ದೂ ಸೇರಿ.

ಕರೆಂಟ್ ಬೇಗ ವಾಪಸ್ ಬಂತು. ತಾಣ ಬರಲಿಲ್ಲ. ಯಾಕೆ? ಡೇಟಾಬೇಸ್ ಒಂದು ಬದಲಾವಣೆ ಬರೆದಾಗ ಡಿಸ್ಕನ್ನ ಕೇಳುತ್ತೆ: ಬರೆದುಕೊಂಡ್ಯಾ? ಡಿಸ್ಕು "ಹೂಂ" ಅನ್ನುತ್ತೆ. ಆ ಹೂಂ ಮೇಲೆ ನಂಬಿಕೆ ಇಟ್ಟೇ ಮುಂದಿನ ಕೆಲಸ. ವೇಗ ಜಾಸ್ತಿ ತೋರಿಸಿಕೊಳ್ಳೋ ಆಸೆಗೆ ಎಷ್ಟೋ ಡಿಸ್ಕುಗಳು, ಅವನ್ನ ನಡೆಸೋ ಕಂಟ್ರೋಲರ್‌ಗಳು ಸುಳ್ಳು ಹೇಳ್ತಿದ್ದವು. ಇನ್ನೂ ತಾತ್ಕಾಲಿಕ ಮೆಮೊರಿಯಲ್ಲೇ ಇಟ್ಟುಕೊಂಡು ಆಯ್ತು ಆಯ್ತು ಅಂತಿದ್ದವು. ಕರೆಂಟ್ ಹೋದ ಕ್ಷಣ ಆ ಸುಳ್ಳೆಲ್ಲ ಬಯಲಾಯ್ತು. ಮುಖ್ಯ ಯಂತ್ರವೂ, ಅದರ ನಕಲುಗಳೂ ಒಟ್ಟಿಗೇ ಕೆಟ್ಟವು. ಒಂದು ಬಿದ್ದರೆ ಇನ್ನೊಂದು ಇದೆ ಅನ್ನೋ ಧೈರ್ಯಕ್ಕೆ ಇಟ್ಟಿದ್ದ ನಕಲುಗಳು ಅವು. ಒಂದೇ ಕಟ್ಟಡದಲ್ಲಿ ಇದ್ದದ್ದರಿಂದ ಒಂದೇ ಪೆಟ್ಟಿಗೆ ಹೋದವು.

ಲಕ್ಷಗಟ್ಟಲೆ ಲೇಖನ, ನಾಲ್ಕು ವರ್ಷದ ಪುಕ್ಕಟೆ ದುಡಿಮೆ. ಅವತ್ತು ರಾತ್ರಿ ಆ ಚಾಟ್ ಕೋಣೆಯಲ್ಲಿ ಇದ್ದವರ ಎದೆ ಹೇಗೆ ಹೊಡೆದುಕೊಂಡಿರಬೇಡ! ಕೊನೆಗೆ ಹಾಳಾಗದೆ ಉಳಿದಿದ್ದ ಒಂದು ಪ್ರತಿ ಸಿಕ್ಕಿತು. ಉಳಿದವುಗಳಿಗಿಂತ ಹಿಂದೆ ಬಿದ್ದಿದ್ದರಿಂದಲೇ ಅದು ಬಚಾವಾಗಿತ್ತು. ದಿನಚರಿಯಂತೆ ಬದಲಾವಣೆಗಳನ್ನ ಸಾಲಾಗಿ ಬರೆದಿಟ್ಟಿದ್ದ ಲಾಗ್‌ಗಳನ್ನ ಅದಕ್ಕೆ ಉಣಿಸುತ್ತಾ, ಹಿಂದುಳಿದ ಆ ಪ್ರತಿಯನ್ನೇ ಇವತ್ತಿಗೆ ತಂದು ನಿಲ್ಲಿಸಿದರು. ಸುಮಾರು ಒಂದು ದಿನ ಹಿಡೀತು, ಆಮೇಲೂ ಕೆಲಕಾಲ ತಿದ್ದೋಕೆ ಬಿಡಲಿಲ್ಲ. ಅದೇ ವರ್ಷ ಫಿಟ್ಜ್‌ಪ್ಯಾಟ್ರಿಕ್ ಒಂದು ಸಣ್ಣ ಪ್ರೋಗ್ರಾಂ ಬರೆದು ಬಿಟ್ಟ. ಡಿಸ್ಕು ಸುಳ್ಳು ಹೇಳ್ತಿದೆಯಾ ಅಂತ ಪರೀಕ್ಷೆ ಮಾಡೋ ಪ್ರೋಗ್ರಾಂ. ಬಳಸೋ ವಿಧಾನ ಭಾರಿ ಸರಳ: ಬರೀತಾ ಇರುವಾಗಲೇ ಪ್ಲಗ್ ಕಿತ್ತುಹಾಕಬೇಕು.

ಆಮೇಲಿನ ವರ್ಷಗಳದ್ದು ಬೇಗ ಹೇಳಿ ಮುಗಿಸ್ತೀನಿ. ದುಡ್ಡು ಬಂತು, ಯಂತ್ರ ಬಂದವು, ಬೀಳೋದು ಕಡಿಮೆ ಆಯ್ತು. ಒಂದು ಘಟನೆ ಮಾತ್ರ ಬಿಡೋಹಾಗಿಲ್ಲ. 2009ರ ಜೂನ್ 25, ಮೈಕಲ್ ಜಾಕ್ಸನ್ ತೀರಿಕೊಂಡ ದಿನ. ಒಂದೇ ಗಂಟೆಯಲ್ಲಿ ಹತ್ತಿರಹತ್ತಿರ ಹತ್ತು ಲಕ್ಷ ಮಂದಿ ಅವನ ಲೇಖನಕ್ಕೆ ನುಗ್ಗಿದರು. ಓದೋರು ಎಷ್ಟಾದರೂ ಬರಲಿ, ಇಡ್ಲಿ ತಟ್ಟೆ ಸಿದ್ಧ ಇತ್ತಲ್ಲ? ತೊಂದರೆ ಏನಪ್ಪಾ ಅಂದರೆ, ಅದೇ ಹೊತ್ತಿಗೆ ಜನ ಲೇಖನವನ್ನ ತಿದ್ದುತ್ತಲೂ ಇದ್ದರು. ಪ್ರತಿ ತಿದ್ದುಪಡಿಗೂ ಹಳೇ ಪ್ರತಿ ರದ್ದು. ನೂರಾರು ಉಲ್ಲೇಖ ತುಂಬಿದ ಆ ಉದ್ದದ ಪುಟವನ್ನ ಹೊಸದಾಗಿ ಕಟ್ಟೋಕೆ ಸೆಕೆಂಡುಗಳೇ ಬೇಕು. ಅಷ್ಟರಲ್ಲಿ ಬಂದ ನೂರಾರು ಕೋರಿಕೆಗಳಿಗೆ ನೂರಾರು ಯಂತ್ರಗಳು ಅದೇ ಪುಟವನ್ನ ಬೇರೆ ಬೇರೆಯಾಗಿ ಕಟ್ಟೋಕೆ ಕೂತವು. ಒಂದೇ ಮನೆಯ ಹತ್ತು ಜನ ಹತ್ತು ಒಲೆ ಹಚ್ಚಿ ಅದೇ ಸಾರು ಮಾಡಿದ ಹಾಗೆ. ಬೇರೆ ಲೇಖನಗಳಿಗೂ ಯಂತ್ರ ಇಲ್ಲದಂತಾಯ್ತು. ಇದಾದಮೇಲೆ ಸ್ಟಾರ್ಲಿಂಗ್ ಮತ್ತು ಸಂಗಡಿಗರು ಒಂದು ಕಟ್ಟಳೆ ತಂದರು: ಒಬ್ಬರು ಕಟ್ಟುತ್ತಿದ್ದರೆ ಉಳಿದವರು ಕಾಯಬೇಕು, ಕಾಯೋಕೆ ಆಗದವರಿಗೆ ಸ್ವಲ್ಪ ಹಳೇದಾದ ಪ್ರತಿಯನ್ನೇ ಕೊಡಬೇಕು. ಎರಡು ನಿಮಿಷ ಹಿಂದಿನ ಮೈಕಲ್ ಜಾಕ್ಸನ್ ಸಾಕು ಅನ್ನೋ ತೀರ್ಮಾನ.

2013ರಲ್ಲಿ ಮುಖ್ಯ ಕೇಂದ್ರ ಟ್ಯಾಂಪಾದಿಂದ ವರ್ಜೀನಿಯಾದ ಆಶ್‌ಬರ್ನ್‌ಗೆ ಬದಲಾಯಿತು. ಹಾಗಾದರೂ ಬೆಂಗಳೂರಿಂದ ಅಮೆರಿಕದ ಪೂರ್ವ ತೀರಕ್ಕಿರೋ ದೂರ ಕಡಿಮೆ ಆಗುತ್ತಾ? ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತೆ. ಹತ್ತು ಹದಿನೈದು ಸಾವಿರ ಕಿಲೋಮೀಟರ್ ಹೋಗಿ ಬರೋಕೆ ಎಷ್ಟೇ ದುಡ್ಡು ಸುರಿದರೂ ನೂರು ಮಿಲಿಸೆಕೆಂಡಿನ ಮೇಲೆ ಬೇಕೇ ಬೇಕು, ಒಂದು ಪುಟಕ್ಕೆ ಅಂಥ ಓಡಾಟ ಹಲವು. 2018ರಲ್ಲಿ ಸಿಂಗಾಪುರದಲ್ಲಿ ವಿಕಿಮೀಡಿಯದ ಹೊಸ ಕೇಂದ್ರ ಶುರುವಾಯಿತು. ಏಷ್ಯಾದ ಓದುಗರಿಗೆ ತಯಾರಿಟ್ಟ ಪ್ರತಿ ಅಲ್ಲಿಂದಲೇ ಸಿಗೋಹಾಗಾಯ್ತು. ತಿದ್ದುಪಡಿ ಮಾತ್ರ ಇವತ್ತಿಗೂ ಸಮುದ್ರ ದಾಟಿ ಅಮೆರಿಕಕ್ಕೇ ಹೋಗಿ ಬರಬೇಕು.

ನನ್ನ ಕೆರೆಯ ಲೇಖನ ಏನಾಯ್ತು ಅಂತ ಕೇಳ್ತೀರೇನೋ. ಮುಂದಿನ ವಾರ ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಮತ್ತೆ ಬರೆದೆ, ಮೊದಲಿನದಕ್ಕಿಂತ ಚಿಕ್ಕದು. ಇನ್ನು ಆ ಜಿಪುಣ ಸ್ವಿಚ್ಚು? ನೂರಾರು ಸರ್ವರ್‌ಗಳು, ಕೋಟಿಗಟ್ಟಲೆ ಡಾಲರ್ ದೇಣಿಗೆ ಬಂದಮೇಲೂ ವಿಕಿಪೀಡಿಯದಲ್ಲಿ ಅದನ್ನ ಯಾರೂ ಆರಿಸಿಲ್ಲ. ಕೆಲವು ಪಟ್ಟಿಗಳನ್ನ ತೆರೆದರೆ "ಇದು ಇಂಥ ದಿನ ತಯಾರಿಸಿದ ಪ್ರತಿ" ಅಂತ ಮೇಲ್ಗಡೆ ಈಗಲೂ ಬರುತ್ತೆ, ಬೇಕಾದರೆ ನೋಡಿ.